ಕಡ್ಡಿಯ ಪಕ್ಕದ ಜಾಗ

ಅವಳಿಗೆ ಕಡ್ಡಿ ಎಂದು ಹೆಸರಿಟ್ಟವನು ಅವಳ ಚಿಕ್ಕಪ್ಪ. ಹಸುಗೂಸನ್ನು ಕೈಗೆತ್ತಿಕೊಂಡು, "ಇದೇನೋ ಅಣ್ಣಾ, ಮಗು ಕೊಡ್ತಾರೆ ಅಂದ್ರೆ ಬೆಂಕಿಕಡ್ಡಿ ಕೊಟ್ಟು ಕಳಿಸಿದಾರೆ" ಎಂದು ನಕ್ಕನಂತೆ. ಅಂದಿನ ನಗೆ ಅಂದಿಗೇ ಮುಗಿಯಿತು, ಹೆಸರು ಮಾತ್ರ ಮೈಗಂಟಿಕೊಂಡಿತು. ಅಪ್ಪ ಎತ್ತರದ ಕಟ್ಟಡಗಳಲ್ಲಿ ಲಿಫ್ಟು ರಿಪೇರಿ ಮಾಡುತ್ತಿದ್ದ. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಬಿಳಿ ಹಾಸುಗಳನ್ನು ಒಗೆದು ಮಡಿಸುತ್ತಿದ್ದಳು. ಮನೆ ಇದ್ದದ್ದು ಸಾರ್ವಜನಿಕ ಈಜುಕೊಳದ ಹಿಂದಿನ ಬೀದಿಯ ಮೇಲ್ಮಹಡಿಯಲ್ಲಿ. ಅಡುಗೆಮನೆಯ ಕಿಟಕಿ ತೆರೆದರೆ ಕೊಳದ ಗಾಜಿನ ಮಾಡು ಕಾಣುತ್ತಿತ್ತು. ನೀರೊಳಗೆ ದೀಪ ಹಚ್ಚಿದಾಗ ಆ ಗಾಜು ಒಳಗಿನಿಂದ ಹಸಿರಾಗಿ ಉಸಿರಾಡುತ್ತಿರುವಂತೆ ತೋರುತ್ತಿತ್ತು.

ಶಾಲೆಯವರು ಮಕ್ಕಳನ್ನೆಲ್ಲ ಈಜು ಕಲಿಯಲು ಆ ಕೊಳಕ್ಕೆ ಕರೆದೊಯ್ದ ದಿನ, ಕಡ್ಡಿ ಹೇಳದೆ ಕೇಳದೆ ಹಾರುಗೋಪುರದ ಮೆಟ್ಟಿಲು ಹತ್ತಿಬಿಟ್ಟಳು. ಅವಳ ಹಿಂದೆ ಹತ್ತಿದವರೆಲ್ಲ ಮೇಲಿನಿಂದ ಒಮ್ಮೆ ಇಣುಕಿ, ಒಬ್ಬರ ಬೆನ್ನಿಗೊಬ್ಬರು ಇಳಿದು ಬಂದರು. ಕಡ್ಡಿ ಇಳಿದದ್ದು ನೇರ ನೀರಿಗೆ. ಟೀಚರು ಎದೆ ಹಿಡಿದುಕೊಂಡು ಕೂತರೆ, ಕೊಳದ ಆ ತುದಿಯಿಂದ ಒಬ್ಬ ದಪ್ಪ ಮನುಷ್ಯ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದು ಅವಳನ್ನು ದಡಕ್ಕೆಳೆದುಕೊಂಡ. ಧುಮುಕುವುದನ್ನು ಕಲಿಸುವ ತರಬೇತುದಾರ ಅವನು. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಪೀಪಿ ಮೇಷ್ಟ್ರು.

"ಯಾರ ಮಗಳೇ ನೀನು? ಭಯ ಆಗಲಿಲ್ವಾ?"

"ಆಯ್ತು. ಆದ್ರೆ ಇಳಿಯೋ ಮೆಟ್ಟಿಲ ತುಂಬ ಜನ ಇದ್ರು" ಎಂದಳು ಕಡ್ಡಿ.

ಮೇಷ್ಟ್ರು ಹೊಟ್ಟೆ ಕುಣಿಸಿ ನಕ್ಕರು. ಕಡ್ಡಿಯ ಬದುಕು ಆವತ್ತಿನಿಂದ ಶಾಲೆ, ಮನೆ, ಗೋಪುರ ಎಂದು ಮೂರು ಪಾಲಾಯಿತು. ದೊಡ್ಡ ಪಾಲು ಗೋಪುರಕ್ಕೇ ಹೋಯಿತು.

ಅಲ್ಲಿ ಅವಳಿಗೆ ಸಿಕ್ಕವಳು ಬುಗುರಿ. ಗಾಳಿಯಲ್ಲಿ ಅವಳು ಸುತ್ತುವ ವೇಗ ನೋಡಿ ಮೇಷ್ಟ್ರೇ ಇಟ್ಟ ಹೆಸರು ಅದು. ಕಡ್ಡಿ ಮಾತು ಕಡಿಮೆಯ ಹುಡುಗಿ, ಬುಗುರಿಗೋ ಬಾಯಿಗೆ ಬಿಡುವೇ ಇಲ್ಲ. ಇಬ್ಬರೂ ಒಂದೇ ಎತ್ತರ, ಒಂದೇ ವಯಸ್ಸು. ಮೇಷ್ಟ್ರು ಅವರನ್ನು ಜೋಡಿ ಮಾಡಿದರು. ಗೋಪುರದ ಅಂಚಿನಲ್ಲಿ ಅಕ್ಕಪಕ್ಕ ನಿಂತು, ಒಂದೇ ಗಳಿಗೆಯಲ್ಲಿ ಹಾರಿ, ಒಂದೇ ಹಾಗೆ ತಿರುಗಿ, ಒಂದೇ ಸದ್ದಿನಲ್ಲಿ ನೀರು ಸೇರಬೇಕು. ಲೆಕ್ಕ ಹೇಳುವ ಕೆಲಸ ಬುಗುರಿಯದು. "ಒಂದು... ಎರಡು... ಹಾಂ" ಎಂದು ಪಿಸುಗುಟ್ಟಿದರೆ ಆ 'ಹಾಂ'ಗೆ ಎರಡು ಮೈಗಳೂ ಒಟ್ಟಿಗೆ ನೆಲ ಬಿಡುತ್ತಿದ್ದವು. ವರ್ಷಗಟ್ಟಲೆ ಹೀಗೆ ಹಾರಿ ಹಾರಿ, ದಾರಿಯಲ್ಲಿ ನಡೆಯುವಾಗಲೂ ಇಬ್ಬರ ಕಾಲೂ ತಾನಾಗಿ ಒಟ್ಟಿಗೆ ಬೀಳುತ್ತಿತ್ತು. ಕಡ್ಡಿಯ ಅಪ್ಪ, "ಬಂದ್ರು ನೋಡು, ಒಂದು ಟಿಕೆಟ್ಟಲ್ಲಿ ಎರಡು ಜನ" ಎಂದು ತಮಾಷೆ ಮಾಡುತ್ತಿದ್ದ.

ಅವರಿಗೆ ಹದಿನಾರು ತುಂಬಿದ ವರ್ಷ ದೊಡ್ಡ ಆಯ್ಕೆ ಸ್ಪರ್ಧೆ ಹತ್ತಿರ ಬಂತು. ಮೇಷ್ಟ್ರ ನಗು ಬತ್ತಿತು. ದಿನಕ್ಕೆರಡು ಸಲ ತೂಕ ನೋಡುವುದು, ಊಟದ ತಟ್ಟೆಯ ಮೇಲೆ ಕಣ್ಣಿಡುವುದು, ಜ್ವರ ಬಂದರೂ ಬಿಡದಿರುವುದು ಶುರುವಾಯಿತು. "ಮೈ ನೋವು ಅಂದ್ರೆ ಮೈ ಕೇಳಿಸ್ಕೊಳ್ಳುತ್ತೆ. ಹೇಳಬೇಡಿ" ಎನ್ನುತ್ತಿದ್ದರು. ಬುಗುರಿಯ ಮಾತು ಒಂದೊಂದೇ ಉದುರಿ, ಲೆಕ್ಕ ಹೇಳುವುದಷ್ಟೇ ಉಳಿಯಿತು. ಒಂದು ಮಧ್ಯಾಹ್ನ ಅವಳು "ಒಂದು... ಎರಡು..." ಎಂದವಳು ಮುಂದಿನದನ್ನು ಹೇಳಲೇ ಇಲ್ಲ. ಕಡ್ಡಿ ತಿರುಗಿ ನೋಡಿದರೆ ಬುಗುರಿ ಬಾಯಿ ತೆರೆದು ನೀರನ್ನೇ ದಿಟ್ಟಿಸುತ್ತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಆಮೇಲೆ ಕಂಬಿ ಹಿಡಿದುಕೊಂಡು, ಮುದುಕಿಯಂತೆ, ಮೆಟ್ಟಿಲಿಳಿದು ಹೋದಳು.

ಮತ್ತೆ ಅವಳು ಬರಲಿಲ್ಲ. ಬಟ್ಟೆಗೂಡಿನ ಬಾಗಿಲ ಮೇಲಿದ್ದ ಅವಳ ಹೆಸರನ್ನು ಯಾರೋ ಒರೆಸಿಬಿಟ್ಟಿದ್ದರು. ಕಡ್ಡಿ ಅವಳ ಮನೆಗೆ ಹೋದರೆ ಬೀಗ. ಬೇರೆ ಬಡಾವಣೆಗೆ ಹೋದರು ಎಂದರು ಪಕ್ಕದವರು. ಎಲ್ಲಿಗೆ ಎಂದು ತಿಳಿದವರಿಲ್ಲ.

"ಮೇಷ್ಟ್ರೇ, ಬುಗುರಿಗೆ ಏನಾಯ್ತು?"

"ಆ ಸುದ್ದಿ ಬೇಡ" ಎಂದರು ಮೇಷ್ಟ್ರು ಕಡ್ಡಿ ಮುರಿದ ಹಾಗೆ. "ಇನ್ನು ನೀನು ಒಬ್ಬಳೇ ಹಾರ್ತೀಯ. ಮುಗೀತು."

ಕೊಳದಲ್ಲಿ ಎಲ್ಲರ ಬಾಯಿಗೂ ಬೀಗ ಬಿತ್ತು. ಸಾವಾದ ಮನೆಯಲ್ಲಿ ಹೇಗೋ ಹಾಗೆ, ಆ ಹೆಸರು ನಾಲಗೆಯ ತುದಿಗೆ ಬಂದರೆ ಜನ ನುಂಗಿಕೊಳ್ಳುತ್ತಿದ್ದರು. ಬುಗುರಿ ಸತ್ತೇ ಹೋಗಿರಬಹುದೆ ಎಂಬ ಅನುಮಾನ ಕಡ್ಡಿಯೊಳಗೆ ಹೊಕ್ಕಿತು. ಕೇಳುವ ಧೈರ್ಯ ಬರಲಿಲ್ಲ.

ಮುಂದಿನ ವಾರವೇ ಅದು ಶುರುವಾಯಿತು.

ಕಡ್ಡಿ ಧುಮುಕಿ ನೀರಿನಾಳಕ್ಕಿಳಿದಿದ್ದಳು. ಗುಳ್ಳೆಗಳ ಸದ್ದು ತಣ್ಣಗಾಗುತ್ತಿರುವಾಗ, ತಲೆಯ ಮೇಲೆ, ಎಡಕ್ಕೆ, ಇನ್ನೊಂದು ಮೈ ನೀರಿಗೆ ಬಿದ್ದ ಸದ್ದಾಯಿತು. ಯಾರೋ ತನ್ನ ಹಿಂದೆಯೇ ಹಾರಿದರೆಂದು ಗಾಬರಿಯಿಂದ ಮೇಲೆ ಬಂದು ನೋಡಿದಳು. ಕೊಳದಲ್ಲಿ ಅವಳೊಬ್ಬಳೇ. ಎಡಗಡೆಯ ನೀರು ಕನ್ನಡಿಯ ಹಾಗೆ ಮಲಗಿತ್ತು. ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಸದ್ದು ಸಣ್ಣದು, ಅಚ್ಚುಕಟ್ಟಾದದ್ದು, ಚೆನ್ನಾಗಿ ಧುಮುಕಬಲ್ಲವರದು.

ಕಿವಿಯಲ್ಲಿ ನೀರು ಸೇರಿದೆ ಎಂದು ಅಮ್ಮ ಕಿವಿ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಸಣ್ಣ ದೀಪ ಹಿಡಿದು ಎರಡೂ ಕಿವಿ ಜಾಲಾಡಿ, "ಒಳಗೆ ಏನೂ ಇಲ್ಲಮ್ಮ. ಬಾಡಿಗೆಗೆ ಕೊಡೋಹಾಗಿದೆ" ಎಂದು ನಕ್ಕರು. ಅಮ್ಮನೂ ನಕ್ಕಳು. ಕಡ್ಡಿಯೂ ನಕ್ಕಳು. ನಕ್ಕದ್ದು ತಾನೇ ಹೌದೋ ಅಲ್ಲವೋ ಎಂದು ಆಗಲೇ ಅವಳಿಗೆ ಅನುಮಾನ.

ಏಕೆಂದರೆ ಅಷ್ಟರಲ್ಲಿ ಇನ್ನೊಂದು ಆಗತೊಡಗಿತ್ತು. ಗೋಪುರದ ಅಂಚಿಗೆ ಬಂದು ನಿಲ್ಲುವುದು ನೆನಪಿರುತ್ತಿತ್ತು. ಕೆಳಗೆ ಮೇಷ್ಟ್ರು ಸೀಟಿ ಬಾಯಿಗಿಡುವುದೂ ಕಾಣುತ್ತಿತ್ತು. ಆಮೇಲೆ ನೆನಪಿಗೆ ಬರುತ್ತಿದ್ದುದು ಸ್ನಾನದ ಕೋಣೆಯ ಗೋಡೆಯ ಬಿಳಿ ಟೈಲು, ಬೆನ್ನ ಮೇಲೆ ಬೀಳುವ ಬಿಸಿನೀರು. ನಡುವೆ ಏನೂ ಇಲ್ಲ. ಯಾರೋ ಕತ್ತರಿಯಿಂದ ಕತ್ತರಿಸಿ ತೆಗೆದ ಹಾಗೆ. ಮೈ ಒದ್ದೆಯಾಗಿರುತ್ತಿತ್ತು, ಅಂಗೈ ನೀರು ಹೊಡೆದು ಕೆಂಪಾಗಿರುತ್ತಿತ್ತು. ಹಾರಿದ್ದಂತೂ ನಿಜ. ಹಾರಿದವರು ಯಾರು?

ವಿಚಿತ್ರವೆಂದರೆ ಅವಳಿಲ್ಲದಾಗ ಅವಳ ಮೈ ಎಂದೂ ಹಾರದಷ್ಟು ಚೆನ್ನಾಗಿ ಹಾರುತ್ತಿತ್ತು. ಮೇಷ್ಟ್ರು ಚಪ್ಪಾಳೆ ತಟ್ಟಿ, "ಇವತ್ತು ನಿನ್ನ ಕಾಲಬೆರಳೂ ಮಾತು ಕೇಳ್ತು ಕಣೇ! ನೀನು ಬೇರೇನೇ ಹುಡುಗಿ ಆಗ್ಬಿಟ್ಟೆ" ಎಂದರು. ಆ ಹೊಗಳಿಕೆ ಕೇಳಿ ಕಡ್ಡಿ ಟವೆಲನ್ನು ಹೆಗಲ ಸುತ್ತ ಬಿಗಿಯಾಗಿ ಎಳೆದುಕೊಂಡಳು.

ಮೇಷ್ಟ್ರು ದಿನದ ಅಭ್ಯಾಸವನ್ನೆಲ್ಲ ವಿಡಿಯೋ ಮಾಡುತ್ತಿದ್ದರು. ತಪ್ಪು ತಿದ್ದಲು ಅದನ್ನು ಅವರ ಕೋಣೆಯ ಟಿವಿಯಲ್ಲಿ ಹಾಕಿ ತೋರಿಸುತ್ತಿದ್ದರು. ಆವತ್ತಿನದನ್ನು ಕಡ್ಡಿ ಉಸಿರು ಬಿಗಿಹಿಡಿದು ನೋಡಿದಳು. ಗೋಪುರದ ಮೇಲೆ ಅವಳೇ ನಿಂತಿದ್ದಳು. ಅಂಚಿನ ನಟ್ಟನಡುವೆ. ಸೀಟಿಗೆ ಮುಂಚೆ ಆ ಹುಡುಗಿ ತಲೆ ಎಡಕ್ಕೆ ಹೊರಳಿಸಿ ನಸುನಕ್ಕಳು. ಆಮೇಲೆ, ಬಸ್ಸಿನ ಸೀಟಿನಲ್ಲಿ ಪಕ್ಕದವರಿಗೆ ಜಾಗ ಬಿಡುವ ಹಾಗೆ, ಬಲಕ್ಕೆ ಒಂದು ಹೆಜ್ಜೆ ಸರಿದಳು. ಆಮೇಲೆ ಹಾರಿದಳು.

"ಮೇಷ್ಟ್ರೇ, ಅಲ್ಲಿ ನಾನು ಯಾಕೆ ಸರಿದೆ?"

"ಎಲ್ಲಿ? ಅದನ್ನ ಬಿಡು. ನೀರಿಗೆ ಹೋದದ್ದು ನೋಡು, ಬೆಣ್ಣೆಗೆ ಚಾಕು ಹಾಕಿದ ಹಾಗೆ."

ಮನೆಯಲ್ಲೂ ಅದು ಕಾಲಿಟ್ಟಿತು. ಒಂದು ಬೆಳಿಗ್ಗೆ ಅಮ್ಮ ತುಂಬ ಸಂತೋಷದಲ್ಲಿದ್ದಳು. ತಿಂಡಿಯ ತಟ್ಟೆ ಮುಂದಿಟ್ಟು, "ನಿನ್ನೆ ಎಷ್ಟು ದಿನ ಆದ್ಮೇಲೆ ನನ್ ಜೊತೆ ಕೂತು ಮಾತಾಡಿದೆ! ಹೊಟ್ಟೆ ತಣ್ಣಗಾಯ್ತು ನೋಡು" ಎಂದಳು.

ಕಡ್ಡಿಗೆ ಅಂಥದ್ದೇನೂ ನೆನಪಿರಲಿಲ್ಲ. "ಏನು ಮಾತಾಡಿದೆ?"

"ಅಯ್ಯೋ, ಅದೇ, ಬುಗುರಿ ವಿಷಯ."

"ಏನಂದೆ ಅಮ್ಮ?"

"ಅವಳು ಕೆಳಗೆ ಕಾಯ್ತಾ ಇದಾಳೆ, ನಾನು ಲೇಟ್ ಮಾಡ್ತಾ ಇದೀನಿ ಅಂದೆ. ಎಲ್ಲಿ ಕೆಳಗೆ, ಬೀದೀಲಾ ಅಂತ ಕೇಳಿದ್ರೆ ಸುಮ್ನೆ ನಕ್ಕೆ." ಇಷ್ಟು ಹೇಳಿ ಅಮ್ಮ ಮಗಳ ಮುಖ ನೋಡಿದಳು. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಯಾಕೆ ಹಾಗೆ ನೋಡ್ತೀಯ? ನೀನೇ ಅಲ್ವಾ ಹೇಳಿದ್ದು?"

ಕಡ್ಡಿ ಹೂಂ ಎಂದಳು. ಬೇರೆ ಏನು ಹೇಳಬೇಕು? ಅಪ್ಪ ಆಗಲೇ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಮಗಳ ಆಯ್ಕೆಯಾಯಿತೆಂದೇ ಹೇಳಿಕೊಂಡು ತಿರುಗುತ್ತಿದ್ದ. ಮನೆಯ ಮೆಟ್ಟಿಲಲ್ಲಿ ಎದುರಾದವರು "ನಮ್ಮ ಬಿಲ್ಡಿಂಗ್ ಮಾನ ನಿನ್ನ ಕೈಲಿದೆಯಮ್ಮ" ಎನ್ನುತ್ತಿದ್ದರು. ಅಷ್ಟು ಜನರ ಮಾನ ಹೊತ್ತವಳು, ಹೊತ್ತಿರುವವಳು ನಾನಲ್ಲ ಎಂದು ಹೇಗೆ ಹೇಳಿಯಾಳು?

ಸ್ಪರ್ಧೆಯ ದಿನ ಕೊಳದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಗಾಜಿನ ಮಾಡಿನಿಂದ ಬಿದ್ದ ಬಿಸಿಲು ನೀರಿನ ತಳದಲ್ಲಿ ಬಲೆಯ ಹಾಗೆ ತೂಗಾಡುತ್ತಿತ್ತು. ಕಡ್ಡಿಯ ಸರದಿ ಬಂತು. ಮೆಟ್ಟಿಲು ಹತ್ತುತ್ತಿರುವಾಗ ತನ್ನ ಹೆಜ್ಜೆಯ ಜೊತೆ ಜೊತೆಗೇ ಇನ್ನೊಂದು ಒದ್ದೆ ಹೆಜ್ಜೆ ಹತ್ತುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ತಿರುಗಲಿಲ್ಲ. ಮೇಲೆ ಬಂದಳು. ಅಂಚಿಗೆ ನಿಂತಳು. ಗದ್ದಲವೆಲ್ಲ ಅಡಗಿತು. ಆಗ ಎಡಗಿವಿಯ ಹತ್ತಿರ, ಹಳೆಯ ಸಲಿಗೆಯಲ್ಲಿ, ಯಾರೋ ಪಿಸುಗುಟ್ಟಿದರು.

"ಒಂದು..."

ಅವಳ ಕಾಲು ತಾನಾಗಿ ಬಲಕ್ಕೆ ಸರಿಯಿತು.

"ಎರಡು..."

ಕಣ್ಣ ಮುಂದೆ ಬಿಳಿ ಟೈಲು ತೇಲಿ ಬಂತು. ಇನ್ನೊಂದು ಉಸಿರಿಗೆ ತಾನು ಇರುವುದಿಲ್ಲ. ಹಾರುವವರು ಹಾರುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ, ಮನೆಗೆ ಹೋಗಿ ಅಮ್ಮನ ಜೊತೆ ಕೂತು ನಗುತ್ತಾರೆ. ಈ ಸಲ ತಾನು ವಾಪಸು ಬರದಿದ್ದರೂ ಯಾರಿಗೂ ತಿಳಿಯುವುದಿಲ್ಲ. ಈ ಯೋಚನೆ ಬಂದದ್ದೇ ಕಡ್ಡಿ ಒರಟು ನೆಲದ ಮೇಲೆ ಕೂತುಬಿಟ್ಟಳು. ಎರಡೂ ಅಂಗೈಯನ್ನು ನೆಲಕ್ಕೆ ಒತ್ತಿ, ಕೂಸಿನ ಹಾಗೆ ಹಿಂದಕ್ಕೆ ಅಂಬೆಗಾಲಿಟ್ಟಳು. ಸೀಟಿ ಮತ್ತೆ ಮತ್ತೆ ಕೂಗಿತು. ಅವಳು ಕಂಬಿ ಹಿಡಿದು ಮೆಟ್ಟಿಲು ಇಳಿಯತೊಡಗಿದಳು. ಪ್ರತಿ ಮೆಟ್ಟಿಲೂ ಅಂಗಾಲಿಗೆ ತಣ್ಣಗೆ ತಾಕುತ್ತಿತ್ತು. ಅಷ್ಟು ದಿನಗಳಲ್ಲಿ ಅವಳಿಗೆ ಪೂರ್ತಿ ನೆನಪಿರುವುದು ಆ ಇಳಿತ ಒಂದೇ.

ಕೆಳಗೆ ಮೇಷ್ಟ್ರು ಕಣ್ಣು ಕೆಂಪಗೆ ಮಾಡಿಕೊಂಡು ಕಾದಿದ್ದರು. ಬಾಯಿ ತೆರೆಯುವ ಮುಂಚೆಯೇ ಕಡ್ಡಿ ಹೇಳಿದಳು: "ಮೇಷ್ಟ್ರೇ, ಹಾರ್ತಾ ಇದ್ದಿದ್ದು ನಾನಲ್ಲ. ಮೇಲೆ ಹೋದ್ರೆ ನಾನು ಇರಲ್ಲ."

ಮೇಷ್ಟ್ರ ಸಿಟ್ಟು ಹಾಗೇ ಇಳಿದು ಮುಖ ಬಿಳಿಚಿತು. "ನಿನಗೂನಾ?" ಎಂದರು, ಯಾರಿಗೂ ಕೇಳದಷ್ಟು ಮೆಲ್ಲಗೆ.

ಬುಗುರಿಯೂ ಅವರ ಹತ್ತಿರ ಇದನ್ನೇ ಹೇಳಿದ್ದಳು. ಗಾಳಿಯಲ್ಲಿ ಹೋದಾಗ ಮೇಲೆ ಯಾವುದು ಕೆಳಗೆ ಯಾವುದು ತಿಳಿಯುತ್ತಿಲ್ಲ, ತಾನು ಎಲ್ಲಿದ್ದೇನೆಂದು ಗೊತ್ತಾಗುತ್ತಿಲ್ಲ ಎಂದು. ನಾಟಕ ಬೇಡ ಎಂದು ಅವರು ಗದರಿದ್ದರು. ಅವಳು ಬಿಟ್ಟುಹೋದ ಮೇಲೆ, ಇಂಥ ಮಾತು ಅಂಟುರೋಗ, ಉಳಿದ ಮಕ್ಕಳ ಕಿವಿಗೆ ಬೀಳಬಾರದು ಎಂದು ಹೆಸರನ್ನೇ ಒರೆಸಿಹಾಕಿದ್ದರು.

ಮನೆಯಲ್ಲಿ ಅಪ್ಪ ಎರಡು ದಿನ ಮಾತಾಡಲಿಲ್ಲ. ಕೇಳಿದವರಿಗೆಲ್ಲ "ಶೀತ ಆಗಿತ್ತು, ಅದಕ್ಕೇ" ಎಂದು ಸುಳ್ಳು ಹೇಳಿದ. ಆಮೇಲೆ ಒಂದು ಸಂಜೆ ಮಗಳ ಪಕ್ಕ ಕೂತು, ಅವಳ ಕಾಲಿನ ಉಗುರು ನೋಡುತ್ತಾ, "ಶೀತ ಏನೂ ಆಗಿಲ್ಲ ಅಲ್ವಾ?" ಎಂದು ಕೇಳಿದ. ಇಲ್ಲ ಎಂದಳು. ಅವನು ತಲೆ ತಗ್ಗಿಸಿ ಅವಳ ಪಾದವನ್ನು ಕೈಯಲ್ಲಿ ಹಿಡಿದುಕೊಂಡ.

ಅಮ್ಮ ಅವಳನ್ನು ತನ್ನ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದೊಯ್ದಳು. ನೆರೆಗೂದಲಿನ ಹೆಂಗಸು. ಭೂತವೆಂದೂ ಅನ್ನಲಿಲ್ಲ, ಭ್ರಮೆಯೆಂದು ನಗಲೂ ಇಲ್ಲ. ನಿದ್ದೆ ಎಷ್ಟು, ಊಟ ಎಷ್ಟು, ಕೊನೆಗೆ ಅತ್ತದ್ದು ಯಾವಾಗ ಎಂದೆಲ್ಲ ಕೇಳಿದರು. ಕೊನೆಯದಕ್ಕೆ ಕಡ್ಡಿ ಬೆರಳು ಮಡಿಸಿ ತಿಂಗಳು ಎಣಿಸತೊಡಗಿ, ನಡುವೆಯೇ ಬಿಟ್ಟಳು.

"ತಡಕೊಳ್ಳೋಕೆ ಆಗದಷ್ಟು ಭಾರ ಬಿದ್ರೆ ಮನಸ್ಸು ಕೆಲವು ಸಲ ಹಿಂದಿನ ಬಾಗಿಲಿಂದ ಹೊರಗೆ ಹೋಗಿಬಿಡುತ್ತೆ ಮಗು. ಮೈ ಕಲಿತದ್ದನ್ನ ಮಾಡ್ಕೊಂಡು ಇರುತ್ತೆ. ಅದು ಹುಚ್ಚಲ್ಲ. ಆದ್ರೆ ಹಾಗೇ ಬಿಟ್ರೆ ವಾಪಸ್ ಬರೋದು ಕಷ್ಟ ಆಗುತ್ತೆ. ಸದ್ಯಕ್ಕೆ ಗೋಪುರ ಬೇಡ. ನಿದ್ದೆ ಮಾಡು, ಹೊಟ್ಟೆ ತುಂಬ ತಿನ್ನು, ಪ್ರತಿವಾರ ಬಂದು ನನ್ ಹತ್ರ ಮಾತಾಡು. ಆಮೇಲೆ ಆ ನಿನ್ನ ಗೆಳತಿ... ಅವಳು ಎಲ್ಲಿದಾಳೆ ಅಂತ ಯಾರೂ ಹುಡುಕಲಿಲ್ವಾ?"

ಮೇಷ್ಟ್ರೇ ವಿಳಾಸ ಹುಡುಕಿ ತಂದುಕೊಟ್ಟರು. ಜೊತೆಗೆ ಬರುವ ಧೈರ್ಯ ಅವರಿಗಾಗಲಿಲ್ಲ.

ಬುಗುರಿ ಊರಿನ ಆ ತುದಿಯಲ್ಲಿ ತನ್ನ ಸೋದರಮಾವನ ಚಪ್ಪಲಿ ಅಂಗಡಿಯಲ್ಲಿ ಕೂರುತ್ತಿದ್ದಳು. ಕೂದಲು ಮೋಟಾಗಿ ಕತ್ತರಿಸಿಕೊಂಡಿದ್ದಳು. ಅವಳನ್ನು ಜೀವಂತವಾಗಿ ಕಂಡು ಕಡ್ಡಿಗೆ ಬಾಗಿಲಲ್ಲೇ ಕಾಲು ಹೂತಂತಾಯಿತು. ಬುಗುರಿ ನೋಡಿದಳು, ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟಳು.

"ಇಷ್ಟು ದಿನ ಬೇಕಾಯ್ತಾ ನಿನಗೆ?"

"ನೀನು ಸತ್ತಿದೀಯ ಅನ್ಕೊಂಡಿದ್ದೆ ಕಣೇ."

"ನಾನೂ ಹಾಗೇ ಅನ್ಕೊಂಡಿದ್ದೆ" ಎಂದಳು ಬುಗುರಿ. ನಗುವಿಗೆಂದು ಹೇಳಿದ ಮಾತಲ್ಲ ಅದು.

ಅಂಗಡಿಯ ಹಿಂದಿನ ಕೋಣೆಯಲ್ಲಿ, ಚರ್ಮದ ವಾಸನೆಯ ನಡುವೆ ಕೂತು ಕಡ್ಡಿ ಎಲ್ಲವನ್ನೂ ಹೇಳಿದಳು. ಎರಡನೆಯ ಸದ್ದು, ಬಿಟ್ಟುಕೊಟ್ಟ ಜಾಗ, ಕಿವಿಯಲ್ಲಿ ಕೇಳಿದ ಲೆಕ್ಕ. ಬುಗುರಿ ಕೊನೆಗೆ ತನ್ನ ಮೋಟುಗೂದಲನ್ನು ಮುಟ್ಟಿಕೊಂಡಳು.

"ಅಭ್ಯಾಸದ ಹೊತ್ತಿಗೆ ಸರಿಯಾಗಿ ನನಗೆ ದಿನಾ ಬಿದ್ದ ಹಾಗಾಗ್ತಿತ್ತು. ಕೂತಲ್ಲೇ. ಎದ್ದು ನೋಡಿದ್ರೆ ಕೂದಲು ಒದ್ದೆ. ಬೆವರು ಅಂತಿದ್ಲು ಅಮ್ಮ. ಬೆವರಿಗೆ ಆ ಕೊಳದ ಔಷಧಿ ವಾಸನೆ ಇರುತ್ತಾ? ಅದಕ್ಕೇ ಕತ್ತರಿಸಿಬಿಟ್ಟೆ."

ಕಡ್ಡಿ ಅವಳತ್ತ ಸರಿದು ಕೂತಳು.

"ಈಗಲೂ ಆಗುತ್ತಾ?"

"ಹೋದ ವಾರದಿಂದ ನಿಂತಿದೆ" ಎಂದಳು ಬುಗುರಿ. ಕಡ್ಡಿ ಗೋಪುರದಿಂದ ಇಳಿದು ಬಂದದ್ದು ಹೋದ ವಾರ. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಆಗ ಕಡ್ಡಿಗೆ ಅಳು ಬಂತು. ಎಲ್ಲಿತ್ತೋ ಅಷ್ಟು ನೀರು! ಬುಗುರಿಯ ಮಾವ ಬೆದರಿ, ಗಿರಾಕಿಯನ್ನು ನಡುವೆಯೇ ಬಿಟ್ಟು, ಒಳಗೆ ಇಣುಕಿ ಹೋದ.

ನೆರೆಗೂದಲಿನ ವೈದ್ಯರಿಗೆ ಇದನ್ನು ಹೇಳಿದಾಗ ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಇದಕ್ಕೆ ನನ್ನ ಹತ್ರ ಹೆಸರಿಲ್ಲ" ಎಂದರು. "ಅವಳನ್ನೂ ಕರ್ಕೊಂಡು ಬಾ."

ಇಬ್ಬರೂ ಒಂದೂವರೆ ವರ್ಷ ಅವರ ಬಳಿ ಹೋಗಿ ಬಂದರು. ಎಲ್ಲವೂ ಸುಖವಾಗಿ ಮುಗಿಯಿತೆಂದರೆ ಸುಳ್ಳಾಗುತ್ತದೆ. ಕಡ್ಡಿ ಮೆಲ್ಲಗೆ ಕೆಳಗಿನ ಹಲಗೆಯಿಂದ ಮತ್ತೆ ಹಾರಲು ಕಲಿತಳು. ಕೆಲವು ದಿನ ಮೆಟ್ಟಿಲ ಬುಡದಲ್ಲೇ ನಿಂತು ವಾಪಸಾಗುತ್ತಿದ್ದಳು. ಒಂದು ವರ್ಷ ಸ್ಪರ್ಧೆಗೂ ಹೋಗಿ ನಡುವಿನ ಸ್ಥಾನ ಪಡೆದಳು. ಆ ಸಲ ಹಾರಿದ್ದೆಲ್ಲ ಅವಳಿಗೆ ನೆನಪಿತ್ತು. ಗಾಳಿ ಕೆನ್ನೆಗೆ ಹೊಡೆದದ್ದು, ಮೂಗಿಗೆ ನೀರು ನುಗ್ಗಿದ್ದು, ಅಂಗೈ ಉರಿದದ್ದು. ಅಷ್ಟು ಸಾಕೆನಿಸಿ ಸ್ಪರ್ಧೆಗಳನ್ನು ಬಿಟ್ಟಳು. ಬುಗುರಿ ಗೋಪುರದ ಹತ್ತಿರ ಸುಳಿಯಲೇ ಇಲ್ಲ. ಮಾವನ ಅಂಗಡಿಯನ್ನೇ ನಡೆಸಿಕೊಂಡು, ಬಾಯಿಗೆ ಬಿಡುವಿಲ್ಲದ ಹಳೆಯ ಬುಗುರಿಯಾಗಿ, ಎರಡು ಮಕ್ಕಳ ತಾಯಿಯಾದಳು. ಇಂದಿಗೂ ಏಣಿ ಹತ್ತಿ ಮೇಲಿನ ಪೆಟ್ಟಿಗೆ ತೆಗೆಯಬೇಕಾದರೆ ಗಂಡನನ್ನೇ ಕರೆಯುತ್ತಾಳೆ.

ಮೇಷ್ಟ್ರು ಒಮ್ಮೆಲೇ ಬದಲಾಗಲಿಲ್ಲ. ತೂಕ ನೋಡುವುದನ್ನು ಮೊದಲು ಬಿಟ್ಟರು, ಗದರುವುದನ್ನು ಬಿಡಲು ವರ್ಷಗಳೇ ಹಿಡಿದವು. ಅವರು ಬುಗುರಿಯ ಅಂಗಡಿಗೆ ಒಮ್ಮೆ ಹೋಗಿದ್ದರು. ಕ್ಷಮೆ ಕೇಳಲು ಬಾಯಿ ಬಾರದೆ ಅಳತೆಗೆ ಸರಿಹೊಂದದ ಚಪ್ಪಲಿ ಕೊಂಡು ಬಂದರು. ಮಂಡಿನೋವು ಹೆಚ್ಚಾಗಿ ಅವರು ಕೆಲಸ ಬಿಟ್ಟು ಮನೆ ಸೇರಿದ ಮೇಲೆ, ಆ ಕೊಳದಲ್ಲಿ ಮಕ್ಕಳಿಗೆ ಧುಮುಕುವುದನ್ನು ಕಲಿಸುವ ಕೆಲಸ ಕಡ್ಡಿಗೇ ಬಂತು.

ಈಗ ಅವಳಿಗೆ ನಲವತ್ತರ ಹತ್ತಿರ. ಕಡ್ಡಿ ಟೀಚರ್ ಎಂದರೆ ಮಕ್ಕಳಿಗೆ ಸಲಿಗೆ, ತಂದೆತಾಯಿಯರಿಗೆ ಸ್ವಲ್ಪ ಅಸಮಾಧಾನ. ಗೆಲ್ಲಿಸುವ ಆತುರ ಇವಳಿಗಿಲ್ಲ ಎಂದು ಅವರ ದೂರು. ಮಗು ಗೋಪುರದ ಅಂಚಿಗೆ ಬಂದಾಗ ಅವಳೂ ಮೇಲೆ ಹೋಗಿ ಹಿಂದೆ ನಿಲ್ಲುತ್ತಾಳೆ. "ಇದ್ದೀಯಾ?" ಎಂದು ಕೇಳುತ್ತಾಳೆ. "ಇದ್ದೀನಿ ಟೀಚರ್" ಎಂದು ಗಟ್ಟಿಯಾಗಿ ಹೇಳಿದ ಮೇಲೇ ಹಾರಬೇಕು. ಅದೊಂದು ಆಟವೆಂದೇ ಮಕ್ಕಳು ತಿಳಿದಿದ್ದಾರೆ.

ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ, ಅವಳ ಕೈಕೆಳಗೆ ಎಲ್ಲರಿಗಿಂತ ಚೆನ್ನಾಗಿ ಹಾರುವ ಹುಡುಗಿ ಅಂಚಿನಲ್ಲಿ ನಿಂತಿದ್ದಳು. ಕೆಳಗೆ ಅವಳ ತಂದೆ ಮೊಬೈಲು ಎತ್ತಿ ಹಿಡಿದಿದ್ದ. ಕಡ್ಡಿ ಕೇಳಿದಳು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಿದಳು.

"ಇಲ್ಲ" ಎಂದಳು ಹುಡುಗಿ, ಬಹಳ ದೂರದಿಂದ ಬಂದಂಥ ದನಿಯಲ್ಲಿ.

ಕಡ್ಡಿ ಮುಂದೆ ಹೋಗಿ ಅವಳ ತಣ್ಣನೆಯ ಕೈಯನ್ನು ತನ್ನ ಎರಡೂ ಕೈಯೊಳಗೆ ಹಿಡಿದುಕೊಂಡಳು. "ಸರಿ ಮಗು. ಅವಸರ ಏನಿಲ್ಲ, ಬಾ" ಎಂದು ಅವಳನ್ನು ಹಿಂದಕ್ಕೆ ತಿರುಗಿಸಿದಳು. ಕೆಳಗಿನಿಂದ ತಂದೆ ಏನೋ ಕೂಗಿದ. ಕಡ್ಡಿ ಕೇಳಿಸಿಕೊಳ್ಳಲಿಲ್ಲ. ಮಧ್ಯಾಹ್ನ ಏನು ತಿಂದೆ, ರಾತ್ರಿ ನಿದ್ದೆ ಬಂತಾ ಎಂದು ಮೆಲ್ಲಗೆ ವಿಚಾರಿಸುತ್ತಾ, ಹುಡುಗಿಯ ಬೆರಳುಗಳಿಗೆ ಬಿಸಿ ಬರುವವರೆಗೂ ಒಂದೊಂದು ಮೆಟ್ಟಿಲಲ್ಲೂ ನಿಂತು ನಿಂತು, ಅವಳ ಜೊತೆ ಇಳಿದು ಬಂದಳು.